ಬೇಕಾದಷ್ಟೇ ಕೊಡೋಣ: ಮನೆಯ ಗಣಕಯಂತ್ರದ ಜೋಪಾನ

ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು ನಮ್ಮ ರಾಯಚೂರು ಜಿಲ್ಲೆಯವರು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅವರ ಸ್ಥಳ. ಕಲ್ಯಾಣದಲ್ಲಿ ಅಕ್ಕಿಯನ್ನಾಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನವರು ತಿಳಿಹೇಳಿದರು. ಅವಶ್ಯಕತೆಗಿಂತ ಅಧಿಕವಾದುದನ್ನು ತೆಗೆದುಕೊಳ್ಳಬಾರದೆಂಬುದು ಆ ಮಹಾತಾಯಿ ಕಲಿಸಿದ ಪಾಠ. ಗಣಕಯಂತ್ರದ ಮುಂದೆ ಕುಳಿತಾಗ ಆ ಪಾಠದ ಇನ್ನೊಂದು ಮುಖವನ್ನು ನಾವು ನೆನೆಯಬೇಕಾಗಿದೆ: ಅವಶ್ಯಕತೆಗಿಂತ ಅಧಿಕವಾಗಿ ಕೇಳುವವರಿಗೆ ಕೊಡಲೂಬಾರದು.

ಇಂದು ಮಾನ್ವಿಯ ಭತ್ತದ ಬೆಳೆಗಾರರಿಗೆ ಪಹಣಿ ಬೇಕಾದರೂ, ದೇವದುರ್ಗದ ವಿದ್ಯಾರ್ಥಿನಿಗೆ ಸಿ.ಇ.ಟಿ. ಅರ್ಜಿ ಸಲ್ಲಿಸಬೇಕಾದರೂ, ರಾಯಚೂರು ನಗರದ ಹತ್ತಿ ವರ್ತಕರಿಗೆ ಬ್ಯಾಂಕಿನ ಲೆಕ್ಕ ನೋಡಬೇಕಾದರೂ ಅಂತರ್ಜಾಲವೇ ದಾರಿ. ಹಿಂದೆ ಹಿರಿಯರು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಿದ್ದ ಜಮೀನಿನ ಕಾಗದ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿಗಳೆಲ್ಲ ಈಗ ಒಂದೇ ಯಂತ್ರದಲ್ಲಿ ಕುಳಿತಿವೆ. ಬೀಗವನ್ನು ಮಾತ್ರ ಅನೇಕರು ಮರೆತಿದ್ದಾರೆ.

ಮರೆತರೆ ಏನಾಗುವುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ನೋಂದಾಯಿತ ಆಸ್ತಿಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚುಗಳನ್ನು ಕದ್ದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲಿ ಬೆಳಕಿಗೆ ಬಂದವು. ಖಾತೆದಾರರು ಯಾರಿಗೂ ಗುಪ್ತ ಸಂಖ್ಯೆ ಹೇಳಿರಲಿಲ್ಲ. ಅಗತ್ಯವಿಲ್ಲದೆಡೆ ತೆರೆದು ಬಿದ್ದಿದ್ದ ಮಾಹಿತಿಯೇ ಕಳ್ಳನಿಗೆ ಕೀಲಿಕೈಯಾಯಿತು.

ಖಾಸಗಿತನವೆಂಬುದು ಮುಚ್ಚಿಡಬೇಕಾದ ತಪ್ಪುಳ್ಳವರ ಚಿಂತೆಯಲ್ಲ. ಅದು ಪ್ರತಿಯೊಬ್ಬರ ಹಕ್ಕು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಹೂಡಿದ ಆ ಮೊಕದ್ದಮೆಯಲ್ಲಿಯೇ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆಯು ಉದ್ದೇಶಕ್ಕೆ ಅವಶ್ಯವಾದ ಮಾಹಿತಿಗೆ ಮಾತ್ರ ಸೀಮಿತವೆನ್ನುತ್ತದೆ. ಲಕ್ಕಮ್ಮನವರ ನ್ಯಾಯವೂ ಇದೇ ಅಲ್ಲವೆ?

ಬ್ರೌಸರಿನ ಬಾಗಿಲು

ಅಂತರ್ಜಾಲಕ್ಕೆ ನಾವು ಹೊಕ್ಕು ಹೊರಡುವ ಬಾಗಿಲೇ ಬ್ರೌಸರ್. ನಾವು ನೋಡಿದ ಜಾಲತಾಣವು ನಮ್ಮ ಯಂತ್ರದಲ್ಲಿ ಒಂದು ಸಣ್ಣ ಗುರುತುಚೀಟಿಯನ್ನು ಇರಿಸುತ್ತದೆ. ಅದಕ್ಕೆ ಕುಕಿ ಎಂದು ಹೆಸರು. ಮತ್ತೆ ಹೋದಾಗ ನಮ್ಮನ್ನು ಗುರುತಿಸಲು ಅದು ಉಪಯುಕ್ತ. ಆದರೆ ಆ ಪುಟದಲ್ಲಿ ಜಾಹೀರಾತು ಇಟ್ಟ ಮೂರನೆಯವರೂ ತಮ್ಮ ಚೀಟಿ ಅಂಟಿಸಿ, ನಾವು ಹೋದಲ್ಲೆಲ್ಲ ಬೆನ್ನು ಹತ್ತುತ್ತಾರೆ. ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕೆಗಳನ್ನು ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆಂಡ್ ಸೆಕ್ಯೂರಿಟಿ’ ವಿಭಾಗಕ್ಕೆ ಹೋದರೆ ಈ ಮೂರನೆಯವರ ಕುಕಿಗಳನ್ನು ತಡೆಯಬಹುದು. ಫೈರ್‌ಫಾಕ್ಸ್‌ನಲ್ಲಿ ಇಂಥ ರಕ್ಷಣೆಯನ್ನು ‘ಸ್ಟ್ರಿಕ್ಟ್’ ಮಟ್ಟಕ್ಕೆ ಏರಿಸಬಹುದು.

ಅಲ್ಲಿಯೇ ಕ್ಯಾಮೆರಾ, ಧ್ವನಿಗ್ರಾಹಕ, ಸ್ಥಳ, ನೋಟಿಫಿಕೇಶನ್ ಇವುಗಳಿಗೆ ಯಾವ ತಾಣಗಳು ಅನುಮತಿ ಪಡೆದಿವೆ ಎಂಬ ಪಟ್ಟಿಯಿದೆ. ಪಂಚಾಂಗ ತೋರಿಸುವ ತಾಣಕ್ಕೆ ನಮ್ಮ ಕ್ಯಾಮೆರಾ ಏಕೆ ಬೇಕು? ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ’ ಎಂಬ ಸುಳ್ಳು ಎಚ್ಚರಿಕೆಗಳು ಎಷ್ಟೋ ಸಲ ನಾವೇ ಅರಿಯದೆ ಕೊಟ್ಟ ನೋಟಿಫಿಕೇಶನ್ ಅನುಮತಿಯಿಂದ ಬರುತ್ತವೆ. ಬೇಡವಾದವುಗಳನ್ನು ತೆಗೆದುಹಾಕಿರಿ.

ಯಂತ್ರದ ಬೀಗ

ಪ್ರತಿ ಖಾತೆಗೂ ಬೇರೆ ಬೇರೆ ಗುಪ್ತಪದವಿರಲಿ. ಬ್ಯಾಂಕು ಮತ್ತು ಇ-ಮೇಲ್‌ಗಳಿಗೆ ಎರಡು ಹಂತದ ಪರಿಶೀಲನೆ ಇರಲಿ. ಮಕ್ಕಳಿಗೆ ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಖಾತೆ ತೆರೆದುಕೊಟ್ಟರೆ, ಆಟದ ಜೊತೆ ಬರುವ ಕೇಡು ಇಡೀ ಯಂತ್ರವನ್ನು ಆವರಿಸುವುದು ಕಷ್ಟ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುವವರು ವಿಸ್ತರಿತ ಸುರಕ್ಷತಾ ಪರಿಷ್ಕರಣೆಗೆ ಹೆಸರು ನೋಂದಾಯಿಸಬೇಕು ಇಲ್ಲವೆ ಹೊಸ ಆವೃತ್ತಿಗೆ ಬದಲಾಗಬೇಕು. ಮುಖ್ಯ ಕಾಗದಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ಯಂತ್ರದಿಂದ ಬೇರ್ಪಡಿಸಿ ಇಡುವುದು ಲೇಸು.

ಅಂಗಡಿಯ ಯಂತ್ರದಲ್ಲಿ

ಎಲ್ಲರ ಮನೆಯಲ್ಲಿಯೂ ಗಣಕಯಂತ್ರವಿಲ್ಲ. ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಅರ್ಜಿ ತುಂಬಿಸುವವರು ‘ಇನ್‌ಕಾಗ್ನಿಟೋ’ ಕಿಟಕಿಯನ್ನು ಕೇಳಿ ಪಡೆಯಲಿ. ಅದನ್ನು ಮುಚ್ಚಿದಾಗ ನೋಡಿದ ಪುಟಗಳ ಚರಿತ್ರೆಯೂ ಕುಕಿಗಳೂ ಅಳಿಯುತ್ತವೆ. ಆದರೆ ಇಳಿಸಿಕೊಂಡ ಕಡತಗಳು ಅಳಿಯುವುದಿಲ್ಲ. ಮುದ್ರಣವಾದೊಡನೆ ಆಧಾರ್, ಅಂಕಪಟ್ಟಿಗಳನ್ನು ‘ಡೌನ್‌ಲೋಡ್ಸ್’ನಿಂದಲೂ ಕಸದ ಬುಟ್ಟಿಯಿಂದಲೂ ಅಳಿಸಿ ಎದ್ದು ಬರಬೇಕು. ಸಾಧ್ಯವಿದ್ದೆಡೆ, ಕೊನೆಯ ನಾಲ್ಕು ಅಂಕೆಗಳನ್ನು ಮಾತ್ರ ತೋರಿಸುವ ‘ಮಾಸ್ಕ್ಡ್ ಆಧಾರ್’ ಪ್ರತಿಯನ್ನೇ ಕೊಡಬೇಕು. ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವನ್ನೂ ಆಧಾರ್ ಪ್ರಾಧಿಕಾರ ಒದಗಿಸಿದೆ.

ಇಷ್ಟಾದರೂ ಹಣ ಹೋದರೆ, ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣವು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಅವಕಾಶವಿರುತ್ತದೆ. ಮನೆಯ ಹಿರಿಯರು ಮೋಸಹೋದಾಗ ಕಿರಿಯರು ಹಂಗಿಸಬಾರದು. ಹಂಗಿಸಿದ ಮನೆಯಲ್ಲಿ ಮುಂದಿನ ಮೋಸ ಬಾಯಿಬಿಟ್ಟು ಹೇಳಲ್ಪಡುವುದಿಲ್ಲ.

ಬೆವರು ಸುರಿಸಿ ಗಳಿಸಿದ ಕಾಯಕದ ಫಲ ದಾಸೋಹಕ್ಕೆ ಸಲ್ಲಬೇಕು, ಕಳ್ಳರಿಗಲ್ಲ. ಮುಂದಿನ ಸೋಮವಾರ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಮಕ್ಕಳೊಡನೆ ಕುಳಿತು, ಯಾರು ಯಾರಿಗೆ ಯಾವ ಯಾವ ಅನುಮತಿ ಕೊಟ್ಟಿದ್ದೇವೆಂಬುದನ್ನು ಒಂದೊಂದಾಗಿ ನೋಡಿರಿ. ಬೇಕಾದುದು ಇರಲಿ, ಹೆಚ್ಚಿನದನ್ನು ಹಿಂದಕ್ಕೆ ಪಡೆಯಿರಿ.