ಒಂದು ಡಿಸ್ಕಿನಲ್ಲಿ 195 ಕೋಟಿ ಗೂಡು

ಯುನಿಕ್ಸ್‌ನಲ್ಲಿ ಇಡೀ ಹಾರ್ಡ್‌ಡಿಸ್ಕೇ ಒಂದು ಫೈಲು. ಲಿನಕ್ಸಿನ ‘ಡೆವ್’ ಕೋಶದಲ್ಲಿ ‘ಎಸ್‌ಡಿಎ’ಯಂಥ ಹೆಸರಿಟ್ಟುಕೊಂಡು ಕೂತಿರುತ್ತದೆ. ರೂಟ್ ಅಧಿಕಾರವಿದ್ದರೆ ಪುಟ್ಟ ಸಿ ಪ್ರೋಗ್ರಾಮೊಂದು ‘ಓಪನ್’ ಎಂದು ತೆರೆದು, ‘ರೀಡ್’ ಎಂದು ಓದಬಹುದು. ಮದುವೆಯ ಫೋಟೊ, ಮಕ್ಕಳ ಅಂಕಪಟ್ಟಿ, ಪಹಣಿಯ ಪ್ರತಿ ಎಂಬ ಗುರುತೆಲ್ಲ ಕಳಚಿಬಿದ್ದು 0ಯಿಂದ 255ರೊಳಗಿನ ಅಂಕಿಗಳು ಸಾಲಾಗಿ ಬರುತ್ತವೆ. ಓದಲು ಮಾತ್ರ ತೆರೆಯಬೇಕು, ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲ 512 ಬೈಟಿನ ಮೇಲೆ ಏನಾದರೂ ಗೀಚಿದರೆ ಡಿಸ್ಕಿನ ವಿಭಾಗಪತ್ರವೇ ಅಳಿಸಿಹೋದೀತು.

1 ಟೆರಾಬೈಟ್ ಡಿಸ್ಕಿನಲ್ಲಿ ಇಂಥ 512 ಬೈಟಿನ ಸೆಕ್ಟರುಗಳು ಸಾಮಾನ್ಯವಾಗಿ 195 ಕೋಟಿ 35 ಲಕ್ಷ 25 ಸಾವಿರದ 168. ರಾಮನಗರದಲ್ಲಿ ನಿಂತು ಇದನ್ನು ಅಳೆಯಲು ರೇಷ್ಮೆಗೂಡಿಗಿಂತ ಒಳ್ಳೆಯ ಮಾನ ನನಗೆ ತೋಚದು. ಸೆಕ್ಟರಿಗೊಂದು ಗೂಡು, ಕಿಲೋಗೆ ಸುಮಾರು 500 ಗೂಡು ಎಂದಿಟ್ಟುಕೊಳ್ಳಿ: 3,900 ಟನ್. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಇಲ್ಲಿನ ಮಾರುಕಟ್ಟೆಗೆ ದಿನಕ್ಕೆ 40 ಟನ್ ಗೂಡು ಬಂದರೂ ಮೂರು ತಿಂಗಳು, ಮೇಲೊಂದು ವಾರ ಹರಾಜು ನಡೆಯಬೇಕು. ಅಷ್ಟೂ ಅಂಗೈಯಗಲದ ಪೆಟ್ಟಿಗೆಯೊಳಗಿದೆ!

ಓದುವ ತುತ್ತು ಎಷ್ಟು ದೊಡ್ಡದು ಎಂಬುದರಲ್ಲೇ ಎಲ್ಲ ಇದೆ. ಸಲಕ್ಕೊಂದೇ ಬೈಟ್ ಕೇಳಿದರೆ ಒಂದು ಲಕ್ಷ ಕೋಟಿ ಸಲ ‘ರೀಡ್’ ಎನ್ನಬೇಕು. ಪ್ರತಿ ಸಲಕ್ಕೂ ಒಂದೇ ಮೈಕ್ರೋಸೆಕೆಂಡ್ ಹಿಡಿದರೂ ಹನ್ನೊಂದೂವರೆ ದಿನ. 10,48,576 ಬೈಟುಗಳನ್ನು ಒಟ್ಟಿಗೆ ಕೇಳಿ, ಒಂಬತ್ತೂವರೆ ಲಕ್ಷ ಸಲಕ್ಕೆ ಮುಗಿಯುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ಕೊಡುವ ಡಿಸ್ಕಾದರೆ ಎರಡು ಗಂಟೆಯೂ ಬೇಡ.

ಈ ಅಂಕಿಗಳ ಕಾಡಿನಲ್ಲಿ ಕನ್ನಡ ಕಣ್ಣಿಗೆ ಬೀಳುವ ಬಗೆ ನನಗೆ ಇವತ್ತಿಗೂ ರೋಮಾಂಚನ. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ ನಮ್ಮ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ‘ರ’ ಎಂದರೆ 224, 178, 176. ಇಲ್ಲಿನ ಊರುಗಳ ಹೆಸರನ್ನೇ ನೋಡಿ: ಕನಕಪುರದ ಉಕಾರದಲ್ಲೂ ಚನ್ನಪಟ್ಟಣದ ಒತ್ತುಗಳಲ್ಲಿ ಅಡಗಿರುವ ವಿರಾಮದಲ್ಲೂ 179 ಇಣುಕುತ್ತದೆ. ರಾಮನಗರ, ಮಾಗಡಿಗಳಲ್ಲಿ 178 ಬಿಟ್ಟು ಬೇರೆಯಿಲ್ಲ. ನಾಲ್ಕೂ ಊರುಗಳ ಹೆಸರು ಸೇರಿ 78 ಬೈಟ್. ಒಂದೊಂದು ಸೆಕ್ಟರಿನಲ್ಲೂ ಆರು ಸಲ ಬರೆಯಬಹುದು, ಡಿಸ್ಕಿನ ತುಂಬ 1,172 ಕೋಟಿ ಸಲ.

ಫೈಲ್ ವ್ಯವಸ್ಥೆ ಬರಹವನ್ನು ಸಾಮಾನ್ಯವಾಗಿ 4,096 ಬೈಟಿನ ತುಂಡುಗಳಲ್ಲಿ ಇಡುತ್ತದೆ. ಮೂರರಿಂದ ಭಾಗಿಸಿ: 1,365 ಸಂಕೇತ, ಶೇಷ 1. ಬರೀ ಕನ್ನಡವೇ ತುಂಬಿದ್ದರೆ ಮೊದಲ ತುಂಡಿನ ಕೊನೆಗೆ ಒಂಟಿ 224 ನಿಲ್ಲುತ್ತದೆ. ಅದು ‘ರ’ ಆಗಿದ್ದರೆ ಉಳಿದ 178, 176 ಮುಂದಿನ ತುಂಡಿನಲ್ಲಿ. ಆ ತುಂಡು ಪಕ್ಕದಲ್ಲೇ ಇರಬೇಕೆಂದಿಲ್ಲ, 100 ಕೋಟಿ ಸೆಕ್ಟರುಗಳಾಚೆ ಬಿದ್ದಿರಬಹುದು. ಎಳೆ ಕಡಿದಾಗ ನೂಲು ಬಿಚ್ಚುವವರು ಇನ್ನೊಂದು ಗೂಡಿನ ತುದಿ ಹುಡುಕಿ ಹೊಂದಿಸುತ್ತಾರಲ್ಲ, ಹಾಗೇ ಪ್ರೋಗ್ರಾಮು ಆ ಒಂಟಿ 224ನ್ನು ಕೈಬಿಡದೆ ಹಿಡಿದುಕೊಂಡು ಮುಂದಕ್ಕೆ ಓದುತ್ತ ಹೋಗಬೇಕು.