ತಳ್ಳಿಬಿಟ್ಟ ಟ್ರಾಲಿ ಓಡುತ್ತಲೇ ಇರುವುದು ಹೇಗೆ?

ಪ್ರಶ್ನೆ: ರೈಲು ಹಳಿಯ ಮೇಲೆ ಟ್ರಾಲಿ ತಳ್ಳುವವರು ತುಸು ದೂರ ಓಡಿ ಹತ್ತಿ ಕೂತುಬಿಡುತ್ತಾರೆ. ಆಮೇಲೂ ಅದು ಓಡುವುದು ಹೇಗೆ? (ಓದುಗರೊಬ್ಬರು, ವಡ್ಡು)

ಮರಳಲ್ಲಿ ಸೈಕಲ್ ತುಳಿದು ನೋಡಿ: ಚಕ್ರ ಹೂತು, ತುಳಿದ ಬಲವೆಲ್ಲ ಮರಳಿನ ಪಾಲಾಗುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಹೂತುಹೋಗುವುದಿಲ್ಲ, ಅದುಮಿಕೊಳ್ಳುವುದೂ ತೀರಾ ಕಡಿಮೆ. ಹಾಗಾಗಿ ಒಮ್ಮೆ ಸಿಕ್ಕ ವೇಗ ಬೇಗ ಕರಗದು. ಇಳಿಜಾರಿನಲ್ಲಂತೂ ಬ್ರೇಕಿಗೇ ಕೆಲಸ ಜಾಸ್ತಿ. ಏರಿನಲ್ಲಿ ಮತ್ತೆ ಕಾಲಿನ ಬಲವೇ ಗತಿ. ಕಿರಿದಾದ ಹಳಿಯ ಮೇಲೆ ಓಡುವುದೇನು ಸುಲಭದ ಕಸುಬಲ್ಲ!

19ನೇ ಶತಮಾನದ ಅಮೆರಿಕದಲ್ಲಿ ಸನ್ನೆಯನ್ನು ಮೇಲೆ ಕೆಳಗೆ ಒತ್ತಿ ಓಡಿಸುವ ಬಂಡಿಗಳಿದ್ದವು. ನಮ್ಮಲ್ಲಿ ನೆಲೆಯೂರಿದ್ದು ತಳ್ಳುವ ಟ್ರಾಲಿ. ಎಂಜಿನಿಯರು ಇದರಲ್ಲಿ ಕೂತೇ ಹಳಿ, ಸ್ಲೀಪರು, ಜಲ್ಲಿ ಪರೀಕ್ಷಿಸುತ್ತಾರೆ. ಹೊಸಪೇಟೆ–ತೋರಣಗಲ್ಲು ನಡುವೆ ಅದಿರಿನ ಗೂಡ್ಸ್ ಬಂತೆಂದರೆ ನಾಲ್ಕು ಜನ ಟ್ರಾಲಿಯನ್ನು ಎತ್ತಿ ಪಕ್ಕಕ್ಕಿಡಬೇಕು. ಅಷ್ಟು ಹಗುರವಾಗಿ ಮಾಡಿರುವುದು ಅದಕ್ಕೇ.