ಮರೆವಿನ ಹಿರಿಯರಿಗೆ ಆಸರೆಯ ಮನೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಹೇಳಿ ನಕ್ಕುಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅಜ್ಜ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕಿದರೆ ಮಕ್ಕಳು ನಗುವುದು ಸಹಜ. ಗೊತ್ತಾದ ಮೇಲೆ ಅಜ್ಜನೂ ನಗುತ್ತಾನೆ. ಆದರೆ ಅದೇ ಅಜ್ಜ ಮೂವತ್ತು ವರ್ಷ ನಡೆದಾಡಿದ ಮಾಟುಂಗದ ರಸ್ತೆಯಲ್ಲಿ ಮನೆಯ ದಾರಿ ತಿಳಿಯದೆ ನಿಂತಾಗ, ಉಂಡು ಕೈತೊಳೆದು ಅರ್ಧ ಗಂಟೆ ಕಳೆಯುವಷ್ಟರಲ್ಲಿ ‘ಈ ಮನೆಯಲ್ಲಿ ನನಗೆ ಯಾರೂ ಊಟ ಹಾಕುವುದಿಲ್ಲ’ ಎಂದು ನೆರೆಯವರಲ್ಲಿ ದೂರಿದಾಗ, ಹೆತ್ತ ಮಗಳನ್ನೇ ‘ತಾವು ಯಾರು?’ ಎಂದು ಕೇಳಿದಾಗ ನಗು ಅಡಗುತ್ತದೆ. ಇದು ವಯಸ್ಸಿನ ಗುಣವಲ್ಲ, ಮೆದುಳಿನ ರೋಗ.

ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದರಲ್ಲಿ ಹಲವು ಬಗೆಗಳುಂಟು. ಹೆಚ್ಚಾಗಿ ಕಾಣುವುದು ಆಲ್ಝೈಮರ್ ರೋಗ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದಾಗ ಆತನ ಮುಂದಿದ್ದುದು ಐವತ್ತೈದು ವರ್ಷ ವಯಸ್ಸಿನಲ್ಲಿ ತೀರಿಕೊಂಡ ಹೆಂಗಸೊಬ್ಬಳ ಮೆದುಳು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇರಬಹುದೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಅಂದಾಜು ಮಾಡಿದೆ. ಆದುದರಿಂದ ಇದು ಯಾರೋ ಒಬ್ಬರ ಮನೆಯ ಗುಟ್ಟಲ್ಲ. ಬಾಗಿಲು ಮುಚ್ಚಿಕೊಂಡು ನರಳಬೇಕಾದ ಅಪಮಾನವೂ ಅಲ್ಲ.

ಹೊರನಾಡಿನಲ್ಲಿರುವ ನಮಗೆ ಇದರ ಭಾರ ಸ್ವಲ್ಪ ಹೆಚ್ಚು. ಹೋಟೆಲು, ಗಿರಣಿ, ಬ್ಯಾಂಕು, ರೈಲ್ವೆ, ಶಾಲೆ ಎಂದು ಮುಂಬಯಿಗೂ ಪುಣೆಗೂ ಮದರಾಸಿಗೂ ಹೈದರಾಬಾದಿಗೂ ಬಂದು ನೆಲೆಸಿದ ತಲೆಮಾರು ಈಗ ಎಂಬತ್ತರ ಹೊಸ್ತಿಲಲ್ಲಿದೆ. ಊರಿನ ತೊಟ್ಟಿಮನೆಯಲ್ಲಾದರೆ ಅಜ್ಜಿಯ ಮೇಲೆ ಹತ್ತು ಜನರ ಕಣ್ಣಿರುತ್ತಿತ್ತು. ಇಲ್ಲಿ ಎರಡು ಕೋಣೆಯ ಮನೆ, ಮಗನೂ ಸೊಸೆಯೂ ಬೆಳಗ್ಗೆ ಎಂಟಕ್ಕೇ ಹೊರಡುವವರು, ಮೊಮ್ಮಕ್ಕಳು ಕಾಲೇಜಿಗೆ. ನಡುವೆ ಅಜ್ಜಿ ಗ್ಯಾಸಿನ ಒಲೆ ತಿರುವಿಬಿಟ್ಟರೆ ಕೇಳುವವರಾರು? ಹೀಗಿರುವಲ್ಲಿ ಎಂದಾದರೂ ಒಂದು ದಿನ ಆ ಕಠಿಣವಾದ ಮಾತು ಮನೆಯಲ್ಲಿ ಎದ್ದೇ ಏಳುತ್ತದೆ: ‘ಅಮ್ಮನನ್ನು ಆರೈಕೆಯ ಮನೆಗೆ ಸೇರಿಸೋಣವೇ?’

ಈ ಮಾತಿಗೆ ಮುಂಚೆ ಆಗಬೇಕಾದ ಕೆಲಸವೊಂದಿದೆ. ಮರೆವೆಲ್ಲವೂ ಡಿಮೆನ್ಷಿಯಾ ಅಲ್ಲ. ಥೈರಾಯ್ಡಿನ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಇವುಗಳಿಂದಲೂ ನೆನಪು ಕೆಡುತ್ತದೆ. ಚಿಕಿತ್ಸೆಯಿಂದ ಎಷ್ಟೋ ಮಟ್ಟಿಗೆ ಸರಿಹೋಗುವುದೂ ಉಂಟು. ನಿನ್ನೆಯವರೆಗೆ ಸುಮಾರಾಗಿದ್ದವರು ಇಂದು ಒಮ್ಮೆಗೇ ಬಡಬಡಿಸತೊಡಗಿದರೆ ಮೂತ್ರದ ಸೋಂಕಿನಂಥ ಕಾರಣವಿರಬಹುದು. ಅಂಥವರನ್ನು ಆ ದಿನವೇ ವೈದ್ಯರಿಗೆ ತೋರಿಸಬೇಕು. ನರರೋಗ ತಜ್ಞರಿಂದಲೋ ಮನೋವೈದ್ಯರಿಂದಲೋ ರೋಗ ಖಚಿತವಾಗದೆ ಯಾರನ್ನೂ ಎಲ್ಲಿಗೂ ಸೇರಿಸತಕ್ಕದ್ದಲ್ಲ.

ರೋಗ ಖಚಿತವಾಯಿತೆನ್ನಿ. ಆಗಲೂ ಆರೈಕೆಯ ಮನೆ ಮೊದಲ ಮೆಟ್ಟಿಲಲ್ಲ. ಹಗಲು ಒಬ್ಬ ದಾದಿಯನ್ನು ಇಟ್ಟುಕೊಳ್ಳಬಹುದು. ದೊಡ್ಡ ನಗರಗಳಲ್ಲಿ ಬೆಳಗ್ಗೆ ಬಿಟ್ಟು ಸಂಜೆ ಕರೆತರುವ ಹಗಲು ಕೇಂದ್ರಗಳೂ ಇವೆ. ಇದರಿಂದ ಎರಡು ಮೂರು ವರ್ಷ ನೀಗಿದ ಸಂಸಾರಗಳಿವೆ. ಆದರೆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಬಾಗಿಲು ತೆರೆದು ಹೊರಡುವವರನ್ನು, ಇಬ್ಬರು ಹಿಡಿದು ಎತ್ತಬೇಕಾದವರನ್ನು, ಮೈಮೇಲೆ ಪರಿವೆಯಿಲ್ಲದವರನ್ನು ಒಬ್ಬಳೇ ಸೊಸೆ ಎಷ್ಟು ದಿನ ನೋಡಿಯಾಳು? ಸಾಮಾನ್ಯವಾಗಿ ಈ ಭಾರ ಬೀಳುವುದು ಸೊಸೆಯ ಮೇಲೆ, ಇಲ್ಲವೆ ಮದುವೆಯಾಗದ ಮಗಳ ಮೇಲೆ. ತೀರ್ಮಾನ ಹೇಳುವವರೋ, ವರ್ಷಕ್ಕೊಮ್ಮೆ ಬಂದು ಕಾಫಿ ಕುಡಿದು ಹೋಗುವ ನೆಂಟರು. ‘ಹೆತ್ತವಳನ್ನು ಆಶ್ರಮಕ್ಕೆ ತಳ್ಳಿದರು’ ಎನ್ನುವ ಅವರ ಮಾತಿಗೆ ಅಂಜಿ ಮನೆಯ ಹೆಣ್ಣುಮಗಳನ್ನು ಹಾಸಿಗೆ ಹಿಡಿಸುವುದು ಧರ್ಮವಲ್ಲ. ಹಿರಿಯರನ್ನು ತೊರೆದುಬಿಡುವುದು 2007ರ ಕಾಯಿದೆಯಂತೆ ಅಪರಾಧ. ಯೋಗ್ಯವಾದ ಕಡೆ ಇರಿಸಿ ತಪ್ಪದೆ ಹೋಗಿ ನೋಡಿಕೊಳ್ಳುವುದು ತೊರೆಯುವುದಲ್ಲ. ಈ ಎರಡರ ನಡುವಿನ ಅಂತರ ಇರುವುದು ನಾವು ಹೋಗಿ ಬರುವುದರಲ್ಲಿ.

ಇನ್ನು ಆರಿಸುವ ಮಾತು. ವೃದ್ಧಾಶ್ರಮಗಳೆಲ್ಲ ಇದಕ್ಕೆ ಒದಗುವುದಿಲ್ಲ. ಓಡಾಡಿಕೊಂಡಿರುವ ಹಿರಿಯರಿಗೆಂದು ನಡೆಸುವ ಮನೆಗಳು ಮರೆವಿನವರನ್ನು ಸೇರಿಸಿಕೊಳ್ಳದಿರಬಹುದು. ಸೇರಿಸಿಕೊಂಡರೂ ರೋಗ ಏರಿದಾಗ ‘ಕರೆದುಕೊಂಡು ಹೋಗಿ’ ಎನ್ನಬಹುದು. ಮರೆವಿನವರಿಗೆಂದೇ ಏರ್ಪಟ್ಟ ಮನೆಗಳು ಬೇರೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ತೆರೆದ ಕೇಂದ್ರ ಈ ಬಗೆಯದು. ಇಂಥ ಮನೆಗಳ ವಿಚಾರ ತಿಳಿಯಲು 1992ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿಯ ಶಾಖೆಗಳನ್ನು ಕೇಳಬಹುದು. ಹಿರಿಯರಿಗಾಗಿ ಕೇಂದ್ರ ಸರಕಾರ ಏರ್ಪಡಿಸಿರುವ 14567 ಎಂಬ ಫೋನು ಸಂಖ್ಯೆಯೂ ಉಂಟು. ಅದಕ್ಕೆ ಹಣ ಬೀಳುವುದಿಲ್ಲ.

ಮನೆಗಳನ್ನು ನೋಡಲು ಹೋದಾಗ ನಮ್ಮ ಕಣ್ಣು ಮೊದಲು ಬೀಳುವುದು ಹೂದೋಟ, ನುಣ್ಣನೆಯ ನೆಲ, ಗೋಡೆಯ ಬಣ್ಣ ಇವುಗಳ ಮೇಲೆ. ನಾವು ಹೇಳುವುದಿಷ್ಟೇ: ಅವೆಲ್ಲ ಇರಲಿ, ಆದರೆ ಎರಡು ಸಂಗತಿಗಳನ್ನು ಮೊದಲು ತೂಗಿ ನೋಡಿ. ಒಂದು, ಅಲ್ಲಿ ನಮ್ಮವರ ಕಣ್ಣು ಇರುವುದೇ? ಎರಡು, ಅಲ್ಲಿ ನಮ್ಮವರ ಮಾತು ಇರುವುದೇ?

ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಂಗಡಿಗರು 648 ಮಂದಿ ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗದ ಲಕ್ಷಣಗಳು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತೋರಿದ್ದವು. ಅಕ್ಷರ ಕಲಿಯದವರಲ್ಲಿಯೂ ಹೀಗೆಯೇ ಕಂಡಿತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ ಎಂದು ಮೂರು ನಾಲಗೆಯಲ್ಲಿ ಬಾಳಿದ ನಮ್ಮ ಹಿರಿಯರಿಗೆ ಇದು ಸಮಾಧಾನದ ಸುದ್ದಿಯೇ ಸರಿ. ಆದರೆ ಭಾಷೆಗಳು ರೋಗವನ್ನು ಮುಂದೂಡಬಹುದೇ ಹೊರತು ತಪ್ಪಿಸಲಾರವು. ರೋಗ ಬಂದ ಮೇಲೆ ಹಿಂದೆ ಕಲಿತದ್ದು ಉಳಿದು ಆಮೇಲೆ ಕಲಿತದ್ದು ಮೊದಲು ಅಳಿಯುವುದು ಅನೇಕರಲ್ಲಿ ಕಾಣುವ ಸಂಗತಿ. ನಲವತ್ತು ವರ್ಷ ತರಕಾರಿಯವಳೊಡನೆ ಸೊಗಸಾಗಿ ಮರಾಠಿಯಾಡಿದ ಅಜ್ಜಿ ಒಂದು ದಿನ ಬರಿಯ ಕನ್ನಡಕ್ಕೆ ಮರಳುತ್ತಾಳೆ. ಮನೆಮಾತು ತುಳುವೋ ಕೊಂಕಣಿಯೋ ಆದವರು ಕನ್ನಡವನ್ನೂ ದಾಟಿ ಅಲ್ಲಿಗೇ ಹೋಗುತ್ತಾರೆ.

ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ. ಅಜ್ಜಿ ದಾದಿಯೊಡನೆ ನಾಚಿಕೊಂಡು ‘ಒಂದಕ್ಕೆ ಹೋಗಬೇಕು’ ಎನ್ನುತ್ತಾಳೆ. ಕನ್ನಡ ಬಾರದ ಹುಡುಗಿಗೆ ಇದು ತಿಳಿಯುವುದಾದರೂ ಹೇಗೆ? ಅಜ್ಜಿ ಏಳುತ್ತಾಳೆ, ದಾದಿ ಕೂರಿಸುತ್ತಾಳೆ. ಮತ್ತೆ ಏಳುತ್ತಾಳೆ, ಮತ್ತೆ ಕೂರಿಸುತ್ತಾಳೆ. ಕೊನೆಗೆ ಸೀರೆ ಒದ್ದೆಯಾಗುತ್ತದೆ, ಅಜ್ಜಿ ಕೈಯೆತ್ತುತ್ತಾಳೆ. ಪುಸ್ತಕದಲ್ಲಿ ‘ಹಟಮಾರಿ, ಹೊಡೆಯುತ್ತಾರೆ’ ಎಂದು ಬರೆದಾಗುತ್ತದೆ. ರಾತ್ರಿಗೆ ನಿದ್ದೆಯ ಮಾತ್ರೆ ಹೆಚ್ಚುತ್ತದೆ. ಇಲ್ಲಿ ದಾದಿಯೂ ಕೆಟ್ಟವಳಲ್ಲ, ಅಜ್ಜಿಯೂ ಹಟಮಾರಿಯಲ್ಲ. ಇಬ್ಬರ ನಡುವೆ ಇರಬೇಕಾದ ಎರಡು ಮಾತು ಇರಲಿಲ್ಲ, ಅಷ್ಟೇ.

ಆದುದರಿಂದ ವ್ಯವಸ್ಥಾಪಕರಿಗೆ ಕನ್ನಡ ಬರುತ್ತದೆಯೇ ಎಂದು ಕೇಳಿ ತೃಪ್ತರಾಗಬೇಡಿ. ಸ್ನಾನ ಮಾಡಿಸುವವಳಿಗೆ, ತುತ್ತು ಕೊಡುವವಳಿಗೆ, ರಾತ್ರಿ ಎರಡು ಗಂಟೆಗೆ ಎದ್ದು ಬರುವವಳಿಗೆ ಬರುತ್ತದೆಯೇ ಎಂದು ಕೇಳಿ. ಬಾರದಿದ್ದರೆ ಒಂದು ಉಪಾಯ ಮಾಡಬಹುದು. ನಮ್ಮ ಹಿರಿಯರು ನಿಜವಾಗಿ ಬಳಸುವ ಮಾತುಗಳನ್ನು, ನೀರು, ಬಚ್ಚಲು, ಒಂದಕ್ಕೆ, ಎರಡಕ್ಕೆ, ಚಳಿ, ನೋವು, ಸಾಕು ಎಂಬಂಥ ಇಪ್ಪತ್ತು ಮಾತುಗಳನ್ನು ದಾದಿ ಓದಬಲ್ಲ ಲಿಪಿಯಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸುವುದು. ಧಾರವಾಡದ ಕಡೆಯವರಾದರೆ ‘ಏಳ್ರಿ ಅವ್ವಾ, ಉಣ್ರಿ’ ಎಂದೇ ಬರೆಯಬೇಕು, ತುಳುವರಾದರೆ ‘ವನಸ್’ ಎಂದೇ ಬರೆಯಬೇಕು. ಪುಸ್ತಕದ ಕನ್ನಡ ಇಲ್ಲಿ ಉಪಯೋಗಕ್ಕೆ ಬಾರದು. ಹಾಗೆಯೇ ಅವರನ್ನು ಏನೆಂದು ಕರೆದರೆ ತಿರುಗಿ ನೋಡುತ್ತಾರೆ, ಯಾವ ದೇವರನಾಮಕ್ಕೆ ಶಾಂತರಾಗುತ್ತಾರೆ, ಗಂಜಿಯೋ ಮುದ್ದೆಯೋ ರೊಟ್ಟಿಯೋ ಎಂಬುದನ್ನೂ ಬರೆದುಕೊಡಿ.

ಇನ್ನು ಕಣ್ಣಿನ ಮಾತು. ಉಳಿದ ರೋಗಿಗಳು ನಮ್ಮೊಡನೆ ದೂರು ಹೇಳಿಕೊಂಡಾರು, ಮರೆವಿನವರು ಹೇಳಲಾರರು. ಊಟ ಸಿಕ್ಕಿತೋ ಇಲ್ಲವೋ, ಯಾರಾದರೂ ಗದರಿದರೋ ಎಂಬುದನ್ನು ನಾವೇ ಅವರ ಮೈಯಿಂದ, ಉಗುರಿನಿಂದ, ತೂಕದಿಂದ, ದಾದಿಯನ್ನು ಕಂಡಾಗ ಅವರ ಮುಖದಿಂದ ತಿಳಿಯಬೇಕು. ಇಲ್ಲಿ ನಮ್ಮನ್ನು ಕಾಡುವ ಪ್ರಶ್ನೆ ಬರುತ್ತದೆ. ನಾವಿರುವ ಮುಂಬಯಿಯಲ್ಲೇ ಇರಿಸೋಣವೇ, ಮಾತು ಸಿಗುವ ಬೆಂಗಳೂರಿಗೋ ಮಂಗಳೂರಿಗೋ ಕಳುಹಿಸೋಣವೇ? ಊರಲ್ಲಿ ವಾರಕ್ಕೊಮ್ಮೆ ಹೇಳದೆ ಕೇಳದೆ ಹೋಗಿಬರಬಲ್ಲ ತಂಗಿಯೋ ಸೋದರಳಿಯನೋ ಇದ್ದು ಮನಸಾರೆ ಒಪ್ಪಿದರೆ ಊರೇ ಮೇಲು. ಅಂಥವರಿಲ್ಲದಿದ್ದರೆ ಕನ್ನಡ ಸಿಗುತ್ತದೆಂದು ಒಂಟಿಯಾಗಿ ಅಲ್ಲಿ ಬಿಡುವುದಕ್ಕಿಂತ ನಮ್ಮ ಹತ್ತಿರವೇ ಇರಿಸುವುದು ಲೇಸು. ಮಾತನ್ನು ಹೇಗಾದರೂ ಒಂದಿಷ್ಟು ಒದಗಿಸಬಹುದು. ಕಣ್ಣನ್ನು ಹಣ ಕೊಟ್ಟು ಕೊಳ್ಳಲಾಗದು.

ನೋಡಲು ಎರಡು ಸಲ ಹೋಗಿ. ಒಮ್ಮೆ ತಿಳಿಸಿ ಹೋಗಿ, ಇನ್ನೊಮ್ಮೆ ತಿಳಿಸದೆ ಸಂಜೆಯ ಹೊತ್ತಿಗೆ ಹೋಗಿ. ಮರೆವಿನವರಲ್ಲಿ ಅನೇಕರಿಗೆ ದೀಪ ಹಚ್ಚುವ ಹೊತ್ತಿಗೇ ತಳಮಳ ಹೆಚ್ಚು. ಆ ಹೊತ್ತಿನಲ್ಲಿ ದಾದಿಯರು ಜೊತೆಗೆ ಕೂತು ಮಾತಾಡಿಸುತ್ತಾರೋ, ಎಲ್ಲರನ್ನೂ ಟೆಲಿವಿಷನ್ನಿನ ಮುಂದೆ ಸಾಲಾಗಿ ಕೂರಿಸಿದ್ದಾರೋ ನೋಡಿ. ರಾತ್ರಿ ಎಷ್ಟು ಜನರಿಗೆ ಎಷ್ಟು ದಾದಿಯರು? ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಬಿದ್ದರೆ ಯಾವ ಆಸ್ಪತ್ರೆ, ಯಾರು ಜೊತೆಗೆ ಹೋಗುತ್ತಾರೆ? ಅಂಗಳದಲ್ಲಿ ಭಯವಿಲ್ಲದೆ ನಡೆದಾಡಲು ಜಾಗವುಂಟೇ? ಕೈಕಾಲು ಕಟ್ಟುವ ಪದ್ಧತಿಯುಂಟೇ ಎಂಬುದನ್ನು ಸಂಕೋಚವಿಲ್ಲದೆ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದೂ ಕೇಳಿ. ಆ ಕಾಯಿದೆಯಂತೆ, ಒದಗಿಬಂದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ, ರೋಗಿಯನ್ನು ಹಿಡಿದಿಡಬಹುದು, ಸರಪಳಿಯಂತೂ ಕೂಡದು.

ಹಣದ ವಿಚಾರವನ್ನು ಬಾಯಿಮಾತಿಗೆ ಬಿಡಬಾರದು. ತಿಂಗಳ ಹಣದಲ್ಲಿ ಔಷಧಿ, ಡೈಪರು, ಒಬ್ಬರಿಗೇ ಮೀಸಲಾದ ದಾದಿ ಸೇರಿವೆಯೇ? ಠೇವಣಿ ಯಾವಾಗ ಹಿಂದಿರುಗುತ್ತದೆ? ವರ್ಷವರ್ಷಕ್ಕೆ ಎಷ್ಟು ಏರುತ್ತದೆ? ಯಾವ ಸ್ಥಿತಿಯಲ್ಲಿ ‘ನಮ್ಮಿಂದಾಗದು’ ಎಂದು ಕಳುಹಿಸಿಬಿಡುತ್ತಾರೆ? ಎಲ್ಲವೂ ಬರವಣಿಗೆಯಲ್ಲಿರಲಿ. ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಯಾರ ಪಾಲು ಎಷ್ಟೆಂದು ಮೊದಲೇ ಕೂತು ಗೊತ್ತುಮಾಡಿಕೊಳ್ಳಲಿ. ಹಲವರು ತಿಳಿಯದ ಇನ್ನೊಂದು ಮಾತು: ಪವರ್ ಆಫ್ ಅಟಾರ್ನಿ ಬರೆಸಿಕೊಂಡಿದ್ದೇವೆಂದು ನೆಮ್ಮದಿಯಾಗಿರುವಂತಿಲ್ಲ; ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದರ ಬಲ ನಿಲ್ಲುತ್ತದೆ. ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಆದುದರಿಂದ ರೋಗದ ಆರಂಭದಲ್ಲಿ, ಅವರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ, ವಕೀಲರನ್ನು ಕಂಡು ಬ್ಯಾಂಕಿನ ಜಂಟಿ ಖಾತೆ, ಉಯಿಲು ಇವುಗಳನ್ನು ಮುಗಿಸಿಕೊಳ್ಳಬೇಕು. ತಮ್ಮ ಚಿಕಿತ್ಸೆ ಹೇಗಿರಬೇಕು, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡುವ ಹಕ್ಕನ್ನೂ ಅದೇ 2017ರ ಕಾಯಿದೆ ಅವರಿಗೆ ಕೊಟ್ಟಿದೆ. ‘ನಿನಗೆ ಎಲ್ಲಿರಲು ಇಷ್ಟ ಅಮ್ಮ?’ ಎಂದು ಕೇಳಬೇಕಾದ ಕಾಲ ಅದೇ.

ಸೇರಿಸಿದ ಮೇಲೆ ಮೊದಲ ಕೆಲವು ವಾರ ಎಲ್ಲರಿಗೂ ಕಷ್ಟವೇ. ಹಳೆಯ ಹೊದಿಕೆ, ಬಳಸಿದ ಲೋಟ, ಮದುವೆಯ ಕಾಲದ ಚಿತ್ರಪಟ ಜೊತೆಗಿರಲಿ. ‘ಮನೆಗೆ ಹೋಗೋಣ’ ಎಂದು ಅವರು ಹಂಬಲಿಸಿದರೆ ‘ಇದೇ ನಿನ್ನ ಮನೆ’ ಎಂದು ವಾದಿಸಬೇಡಿ. ಅವರು ಹೇಳುವ ಮನೆ ಎಷ್ಟೋ ಸಲ ನಮ್ಮ ಫ್ಲಾಟೂ ಅಲ್ಲ, ಅರವತ್ತು ವರ್ಷದ ಹಿಂದಿನ ತವರು. ಆ ತವರಿನ ಬಾವಿ, ಮಾವಿನ ಮರ, ಹಸುವಿನ ಹೆಸರು ಕೇಳಿ. ತಾವೇ ಮಾತಾಡುತ್ತ ಸಮಾಧಾನಗೊಳ್ಳುವುದುಂಟು.

ಕೊನೆಯಲ್ಲಿ ನಮ್ಮ ಸಂಘಗಳಿಗೂ ಒಂದು ಮಾತು. ರಾಜ್ಯೋತ್ಸವ, ನಾಟಕ, ಸಹಭೋಜನ ಇವೆಲ್ಲ ನಡೆಯಲಿ. ಆದರೆ ನಾವಿರುವ ನಗರದ ಯಾವುದೋ ಆರೈಕೆಯ ಮನೆಯಲ್ಲಿ ವಾರಗಟ್ಟಲೆ ಕನ್ನಡ ಕಿವಿಗೆ ಬೀಳದೆ ಕೂತ ಹಿರಿಯರೊಬ್ಬರು ಇರಬಹುದು. ಆಯಾ ಬಡಾವಣೆಯ ಸದಸ್ಯರು ಮನೆಯವರ ಒಪ್ಪಿಗೆ ಪಡೆದು ಸರದಿಯಂತೆ ಭಾನುವಾರ ಒಂದು ಗಂಟೆ ಹೋಗಿ ಕೂತರೆ ಅವರಿಗೆ ಕಣ್ಣೂ ಸಿಗುತ್ತದೆ, ಮಾತೂ ಸಿಗುತ್ತದೆ. ಬಂದವರು ಯಾರೆಂದು ಆ ಹಿರಿಯರಿಗೆ ಮರುದಿನ ನೆನಪಿರಲಿಕ್ಕಿಲ್ಲ. ಆ ಒಂದು ಗಂಟೆ ಅವರು ನಗುನಗುತ್ತ ಮಾತಾಡಿದ್ದು ಮಾತ್ರ ಸುಳ್ಳಲ್ಲ.